ಹತ್ತು ಮನೆಯ ನೀರುಗಂಟೆ

೧೯೮೭ರ ಜೂನ್ ತಿಂಗಳಿನಿಂದ ದೀಪಾವಳಿಯವರೆಗೆ ವೆಸ್ಟ್ ಮಾಂಬಲಂನ ಒಂದು ಬಾಡಿಗೆ ಪೋರ್ಷನ್ನಿನಲ್ಲಿ ನಡೆದ ಸಂಗತಿಗಳ ಕ್ರಮ ಹೀಗಿದೆ. ಜೂನ್‌ನಲ್ಲಿ ಮಗನಿಗೆ ಕಾಲೇಜಿನಿಂದ ಒಂದು ಶೆಡ್ ದೊರೆಯಿತು. ಜುಲೈನಲ್ಲಿ ಮನೆಯ ನಲ್ಲಿಗೆ ಗಂಟೆ ಬಂದಿತು. ಆಗಸ್ಟ್‌ನಲ್ಲಿ ಅಂಥದೇ ಗಂಟೆ ಬೀದಿಯ ಇನ್ನೂ ಒಂಬತ್ತು ಮನೆಗಳಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಆ ಒಂಬತ್ತೂ ಮೂಕವಾದವು. ಕಾರಣ ತಿಳಿದದ್ದು ಆಯುಧಪೂಜೆಯ ಹಿಂದಿನ ದಿನ.

ಮನೆಯಲ್ಲಿ ಐದು ಜನ. ಯಜಮಾನರಾದ ಹರಿಹರ ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದರು. ತಾಯಿ ಅಂಬುಜಮ್ಮ ಮಗನ ಉದ್ಯೋಗದ ನಿಮಿತ್ತ ಹಾಸನ ಬಿಟ್ಟು ಮದ್ರಾಸಿಗೆ ಬಂದು ಇಪ್ಪತ್ತು ವರ್ಷಗಳಾಗಿದ್ದರೂ ಮಡಿ, ಮೈಲಿಗೆ, ತಾಮ್ರದ ಬಿಂದಿಗೆ ಈ ಮೂರನ್ನೂ ಬಿಟ್ಟಿರಲಿಲ್ಲ. ಹೆಂಡತಿ ಅನಸೂಯ ಹಳೆಯ ಸೀರೆಗಳನ್ನು ಪಾತ್ರೆಯವನಿಗೆ ಕೊಟ್ಟು ಎವರ್‌ಸಿಲ್ವರ್ ಪಾತ್ರೆ ಕೊಳ್ಳುತ್ತಿದ್ದರು. ಸ್ಟೀಲಿಗೆ ಆ ಊರಿನಲ್ಲಿ ಅದೇ ಹೆಸರು. ಮಗ ಕೃಷ್ಣಪ್ರಸಾದ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್‌ನ ಕೊನೆಯ ಪರೀಕ್ಷೆಯನ್ನು ಆಗಷ್ಟೇ ಮುಗಿಸಿದ್ದ. ಮಗಳು ಸೀತಾ ಬಿ.ಎಸ್‌ಸಿ. ರಸಾಯನಶಾಸ್ತ್ರ ಓದುತ್ತಿದ್ದಳು. ಮನೆಯವರು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ರೂಢಿ.

ತಾಂಬರಂನ ಆಚೆಯಿದ್ದ ಕಾಲೇಜು ಆ ವರ್ಷ ಒಂದು ಹೊಸ ಏರ್ಪಾಡು ಮಾಡಿತ್ತು. ಸ್ವಂತ ಉದ್ಯಮ ಆರಂಭಿಸಲು ಮುಂದಾಗುವ ವಿದ್ಯಾರ್ಥಿಗಳಿಗೆ ವರ್ಕ್‌ಶಾಪಿನ ಹಿಂದೆ ಒಂದೊಂದು ಶೆಡ್, ಕಾಲೇಜಿನ ಉಪಕರಣಗಳನ್ನು ಬಳಸುವ ಅನುಮತಿ, ವಾರಕ್ಕೊಮ್ಮೆ ಒಬ್ಬ ಪ್ರೊಫೆಸರರ ಸಲಹೆ. ಇದಕ್ಕೆ ಇನ್‌ಕ್ಯುಬೇಷನ್ ಎಂದು ಹೆಸರು. ಕೃಷ್ಣಪ್ರಸಾದ ಈ ಸುದ್ದಿಯನ್ನು ರಾತ್ರಿಯ ಊಟದಲ್ಲಿ, ಸಾರನ್ನಕ್ಕೂ ಮಜ್ಜಿಗೆಗೂ ನಡುವೆ ಹೇಳಿದ.

"ಹಾಗಂದ್ರೇನೋ ಕೃಷ್ಣ?" ಎಂದರು ಅಂಬುಜಮ್ಮ.

"ಕೋಳಿಮುಟ್ಟೈ ಪಾಟಿ," ಎಂದಳು ಸೀತಾ. "ಕೋಳಿಮೊಟ್ಟೆ ಅಜ್ಜಿ. ಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೇನೂ ಹಾಗೇ ಕರೀತಾರೆ."

"ಶಿವ ಶಿವಾ! ಊಟದ ಹೊತ್ತಲ್ಲಿ!"

"ಅಜ್ಜಿ, ಅವಳ ಮಾತು ಕೇಳ್ಬೇಡಿ. ಹೊಸ ಉದ್ಯಮ ಅಂದ್ರೆ ಎಳೇ ಮಗು ಇದ್ದ ಹಾಗೆ. ಅದರ ಕಾಲ ಮೇಲೆ ಅದು ನಿಲ್ಲೋ ತನಕ ಯಾರಾದ್ರೂ ನೋಡ್ಕೋಬೇಕು. ಅಷ್ಟೆ."

"ಇಪ್ಪತ್ತೆರಡು ವರ್ಷ ನಾವು ನೋಡ್ಕೊಂಡ್ವಿ," ಎಂದರು ಹರಿಹರ, ಎಲೆಯಿಂದ ತಲೆಯೆತ್ತದೆ. "ಇನ್ನು ಮೇಲೆ ಕಾಲೇಜಿನೋರು ನೋಡ್ಕೋತಾರಂತೆ. ಕೇಳಿದ್ಯೇನೇ? ನಿನ್ನ ಅಣ್ಣನಿಗೆ ಏನು ಹೇಳ್ತೀಯ?"

ಅನಸೂಯರ ಅಣ್ಣ ತಿರುಮಲೇಶ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರ್. ಸೋದರಳಿಯನಿಗಾಗಿ ಒಂದು ಟ್ರೈನಿ ಜಾಗವನ್ನು ಕಾದಿರಿಸಿದ್ದರು.

"ದಸರಾ ತನಕ ಕಾಯ್ತೀನಿ ಅಂದಿದಾನೆ," ಎಂದರು ಅನಸೂಯ. "ಅಲ್ಲೀತನಕ ಹುಡುಗ ಶೆಡ್ಡಿಗೇ ಹೋಗಿ ಬರ್ಲಿ ಬಿಡಿ. ಮಜ್ಜಿಗೆ ಯಾರಿಗೆ?"

ಹೀಗೆ ದಸರಾ ಗಡುವಾಯಿತು. ಅಷ್ಟರೊಳಗೆ ಕೃಷ್ಣಪ್ರಸಾದ ಒಂದು ಯಂತ್ರ ಮಾಡಿ ನಡೆಸಿದರೆ ಶೆಡ್; ಇಲ್ಲದಿದ್ದರೆ ಹೊಸೂರು.

ಯಂತ್ರದ ವಿಚಾರಕ್ಕೆ ಕೃಷ್ಣಪ್ರಸಾದ ದೂರ ಹುಡುಕಲಿಲ್ಲ. ಆ ವರ್ಷ ಊರಿನಲ್ಲಿ ನೀರಿಗೆ ಅಭಾವ. ಒತ್ತಡ ಕಡಿಮೆಯಾದದ್ದರಿಂದ ಬೀದಿಯ ಎಲ್ಲರೂ ಗೇಟಿನ ಪಕ್ಕ ಗುಂಡಿ ತೋಡಿಸಿ ನಲ್ಲಿಯನ್ನು ನೆಲದ ಕೆಳಕ್ಕೆ ಇಳಿಸಿದ್ದರು. ನೀರು ಬರುವ ಹೊತ್ತನ್ನು ಬಲ್ಲವರಿರಲಿಲ್ಲ. ಬೆಳಗಿನ ತಿಂಡಿಯಿಂದ ಸಂಜೆಯ ದೀಪದವರೆಗೆ ಯಾವಾಗಲಾದರೂ ಅರ್ಧ ಗಂಟೆ ಬರುತ್ತಿತ್ತು. ಆಗ ಗುಂಡಿಯ ಬಳಿ ಕೊಡ ಹಿಡಿದು ನಿಲ್ಲದಿದ್ದವರಿಗೆ ಮರುದಿನದವರೆಗೆ ನೀರಿಲ್ಲ. ಅನಸೂಯ ಈ ಕಾರಣದಿಂದ ಆ ವರ್ಷ ಎರಡು ಮದುವೆ, ಒಂದು ನಾಮಕರಣ ತಪ್ಪಿಸಿಕೊಂಡಿದ್ದರು.

ಯಂತ್ರ ಸರಳವಾಗಿತ್ತು. ತೆರೆದಿಟ್ಟ ನಲ್ಲಿಯ ಕೆಳಗೆ ಒಂದು ಪ್ಲಾಸ್ಟಿಕ್ ಮಗ್. ಮಗ್ಗಿನ ಬಾಯಿಗೆ ಅಡ್ಡವಾಗಿ ಒಂದು ಪಟ್ಟಿ. ಪಟ್ಟಿಯಿಂದ ಕೆಳಕ್ಕೆ ಇಳಿಬಿದ್ದ ಎರಡು ತಾಮ್ರದ ಕಡ್ಡಿಗಳು. ನೀರು ಮಗ್ಗಿಗೆ ಬಿದ್ದು ಎರಡೂ ಕಡ್ಡಿಗಳನ್ನು ಮುಟ್ಟಿದರೆ ಅಲ್ಪ ಪ್ರಮಾಣದ ವಿದ್ಯುತ್ ಹರಿದು, ಕಿಟಕಿಯ ಒಳಗಿನ ಪೆಟ್ಟಿಗೆಯಲ್ಲಿ ಗಂಟೆ ಬಾರಿಸುತ್ತಿತ್ತು. ಇಷ್ಟನ್ನು ತಯಾರಿಸುವಷ್ಟರಲ್ಲಿ ಅನಸೂಯರ ಇಕ್ಕಳದ ತುದಿಗೆ ಸೀಸ ಅಂಟಿತು, ವರಾಂಡದ ಮೊಳೆಗಳಿಂದ ಒಗೆದ ಬಟ್ಟೆ ಇಳಿದು ತಂತಿ ಏರಿತು. ಮೊದಲ ಸಲ ಗಂಟೆ ಬಾರಿಸಿದಾಗ ಅಂಬುಜಮ್ಮ ಮಂಗಳಾರತಿಯೆಂದು ತಿಳಿದು ಕೈಮುಗಿದರು.

ಕೃಷ್ಣಪ್ರಸಾದ ಎಲ್ಲರನ್ನೂ ಕರೆದು ಹೇಳಿದ: "ಮಗ್ಗಿನ ನೀರನ್ನ ದಿನಾ ಚೆಲ್ಲಿ ಇಡಿ. ಆದರೆ ಆ ಕಡ್ಡಿಗಳನ್ನ ಮಾತ್ರ ಯಾರೂ ಮುಟ್ಟಬಾರದು. ಗೊತ್ತಾಯ್ತಾ ಅಜ್ಜಿ?"

"ಮುಟ್ಟಬಾರದು ಅನ್ನೋದನ್ನ ನೀನು ನನಗೆ ಹೇಳಿಕೊಡ್ಬೇಕೇನೋ?" ಎಂದರು ಅಂಬುಜಮ್ಮ. "ಈ ಮನೇಲಿ ಆ ಮಾತು ಗೊತ್ತಿರೋಳು ನಾನೊಬ್ಬಳೇ."

ಜುಲೈ ತಿಂಗಳಿಡೀ ಗಂಟೆ ಒಂದು ದಿನವೂ ತಪ್ಪದೆ ಬಾರಿಸಿತು. ಅನಸೂಯ ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಮ್ಯಾಟಿನಿ ಸಿನಿಮಾ ನೋಡಿ ಬಂದರು. ಕೃಷ್ಣಪ್ರಸಾದ ಸಂತೋಷದಿಂದ ಶೆಡ್ಡುಗಳ ಉಸ್ತುವಾರಿಯ ಪ್ರೊಫೆಸರ್ ಮಧ್ವರಾಜರಿಗೆ ವರದಿ ಒಪ್ಪಿಸಿದ. ಅವರು ಉಡುಪಿಯ ಕಡೆಯವರು, ಹೊಗಳುವುದರಲ್ಲಿ ಮಿತವ್ಯಯಿ.

"ಹಾಗಲ್ಲ ಮಾರಾಯ," ಎಂದರು ಅವರು. "ನಿಮ್ಮ ಮನೆಯಲ್ಲಿ ನಡೆದರೆ ಅದು ಪ್ರೀತಿ. ಹತ್ತು ಮನೆಯಲ್ಲಿ ನಡೆದರೆ ಅದು ಯಂತ್ರ. ಬೇರೆ ಒಂಬತ್ತು ಮನೆಗೆ ಕೊಟ್ಟು ನೋಡು. ದಸರಾ ರಜೆಗೆ ಮುಂಚೆ ನಾನೇ ಬಂದು ಕೇಳ್ತೇನೆ. ಆಮೇಲೆ ಶೆಡ್ಡಿನ ಮಾತು."

ಆದ್ದರಿಂದ ಆಗಸ್ಟ್‌ನ ಒಂದು ಭಾನುವಾರ ಕೃಷ್ಣಪ್ರಸಾದ ಎದುರುಮನೆಯ ಪಂಕಜಂ ಮಾಮಿಯ ಬಾಗಿಲು ತಟ್ಟಿದ. ಹರಿಹರರು ಗೇಟಿನ ಬಳಿ ನಿಂತು ಸುಮ್ಮನೆ ನೋಡುತ್ತಿದ್ದರು. ನೀರಿನಲ್ಲಿ ಕರಗಿರುವ ಲವಣಗಳಿಂದಾಗಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದನ್ನು ಕೃಷ್ಣಪ್ರಸಾದ ಶುದ್ಧ ತಮಿಳಿನಲ್ಲಿ ವಿವರಿಸತೊಡಗಿದ.

"ತಣ್ಣಿಯಿಲೆ ಕರೆಂಟಾ?" ನೀರಿನಲ್ಲಿ ಕರೆಂಟೇ ಎಂದು ಮಾಮಿ ಎರಡು ಹೆಜ್ಜೆ ಹಿಂದೆ ಸರಿದರು. "ಐಯೋ, ಷಾಕ್ ಅಡಿಕ್ಕುಮೇ!"

ಇಪ್ಪತ್ತು ವರ್ಷ ಪಾಲಿಸಿ ಮಾರಿಸಿದ್ದ ಹರಿಹರರಿಗೆ ಇದನ್ನು ಸಹಿಸಲಾಗಲಿಲ್ಲ. ಬೀದಿ ದಾಟಿ ಬಂದು, ಮಗನನ್ನು ಪಕ್ಕಕ್ಕೆ ಸರಿಸಿ, ಮಾಮಿ ಮಧ್ಯಾಹ್ನದ ಹೊತ್ತು ಕೊನೆಯ ಸಲ ನಿದ್ದೆ ಮಾಡಿದ್ದು ಯಾವಾಗ ಎಂದು ತಮಿಳಿನಲ್ಲಿ ವಿಚಾರಿಸಿದರು. ಮಾಮಿ ಯೋಚಿಸಿದರು. ಮಗಳ ಮದುವೆಗೆ ಮುಂಚೆ ಎಂದರು.

"ನಾಳೆಯಿಂದ ಮಲಗಿ ಮಾಮಿ," ಎಂದರು ಹರಿಹರ. "ನೀರು ಬಂದರೆ ಇದು ಎಬ್ಬಿಸುತ್ತೆ. ಅದಕ್ಕೆ ನಾನು ಜವಾಬ್ದಾರಿ."

ಸೂರ್ಯ ಇಳಿಯುವುದರೊಳಗೆ ಒಂಬತ್ತೂ ಮನೆಗಳು ಒಪ್ಪಿದವು. ಹಿಂದಿರುಗುವಾಗ ಹರಿಹರರು ಮಗನಿಗೆ ಎಚ್ಚರಿಕೆ ಕೊಟ್ಟರು: "ನಾನು ಇದನ್ನ ಒಪ್ಪಿದೀನಿ ಅಂತ ತಿಳ್ಕೋಬೇಡ. ನೀನು ಮಾರೋ ಚೆಂದ ನೋಡೋಕಾಗ್ಲಿಲ್ಲ, ಅಷ್ಟೆ."

ಕಡ್ಡಿಗಳನ್ನು ಮುಟ್ಟಕೂಡದೆಂಬ ಸೂಚನೆಯನ್ನು ಸೀತಾ ತಮಿಳಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಪ್ರತಿ ಪೆಟ್ಟಿಗೆಗೂ ಅಂಟಿಸಿದಳು. ಒಂಬತ್ತು ಮನೆಗಳವರೂ ಅದನ್ನು ಶ್ರದ್ಧೆಯಿಂದ ಪಾಲಿಸಿದರು.

ಮೊದಲು ನಿಂತದ್ದು ಪಂಕಜಂ ಮಾಮಿಯ ಗಂಟೆ. ಸೆಪ್ಟೆಂಬರ್‌ನ ಮೊದಲ ವಾರದಲ್ಲಿ ಅವರು ಭರವಸೆಯಿಟ್ಟು ಮಲಗಿದರು. ನೀರು ಬಂದು ಹೋಯಿತು. ಅವರು ಎದ್ದದ್ದು ಹಾಲಿನವನ ಕೂಗಿಗೆ. ಸಂಜೆ ಕಚೇರಿಯಿಂದ ಬರುತ್ತಿದ್ದ ಹರಿಹರರನ್ನು ಗೇಟಿನಲ್ಲೇ ತಡೆದರು.

"ಎನ್ನ ಸಾರ್, ಉಂಗ ಮಣಿ ಊಮೈ ಆಯಿಡುತ್ತೇ!"

"ಗಂಟೆ ಮೂಗ ಆಗಿಲ್ಲ ಮಾಮಿ, ನಾಳೆ ಸರಿಹೋಗುತ್ತೆ," ಎಂದು ಹರಿಹರರು ತಮಿಳಿನಲ್ಲಿ ಸಮಾಧಾನ ಹೇಳಿದರು. ಮರುದಿನ ಮತ್ತೆರಡು ಮೂಕವಾದವು. ತಿಂಗಳ ನಡುವಿಗೆ ಬೀದಿಯಲ್ಲಿ ಮಾತನಾಡುತ್ತಿದ್ದದ್ದು ಹರಿಹರರ ಮನೆಯ ಗಂಟೆ ಒಂದೇ. ಅದು ಬಾರಿಸಿದ ಕೂಡಲೇ ಒಂಬತ್ತು ಮನೆಗಳ ಹೆಂಗಸರು ತಮ್ಮ ತಮ್ಮ ಗುಂಡಿಗಳಿಗೆ ಓಡುತ್ತಿದ್ದರು. ಓಡುವಾಗ ಹರಿಹರರ ಕಿಟಕಿಯ ಕಡೆ ಒಂದು ಮಾತು ಎಸೆದೇ ಹೋಗುತ್ತಿದ್ದರು.

"ನಮ್ಮನೇದು ಮಾತ್ರ ಚೆನ್ನಾಗಿ ಮಾಡ್ಕೊಂಡಿದೀವಿ ಅಂತಾರೆ," ಎಂದರು ಅನಸೂಯ, ದೋಸೆ ಮಗುಚುತ್ತ. "ಪಂಕಜಂ ಮಾಮಿ ನಿನ್ನೆ ಮೊಸರಿಗೆ ಹೆಪ್ಪು ಕೇಳೋಕೂ ಬರ್ಲಿಲ್ಲ."

"ಹಾಲು ತರೋಕೆ ನಾನು ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗ್ತಿದೀನಿ," ಎಂದರು ಹರಿಹರ. "ನಾನು ಮಾರಿಸಿದ ಪಾಲಿಸೀಲಿ ಒಬ್ಬರೂ ಇಷ್ಟು ಬೇಗ ಕ್ಲೇಮ್ ಮಾಡಿರ್ಲಿಲ್ಲ. ಏನಪ್ಪ ಇಂಜಿನಿಯರೇ, ಏನು ಕಾರಣ?"

ಕೃಷ್ಣಪ್ರಸಾದ ವ್ಯವಸ್ಥಿತವಾಗಿ ಪರಿಶೀಲಿಸಿದ್ದ. ಬ್ಯಾಟರಿ ಸರಿಯಾಗಿತ್ತು. ಗಂಟೆ ಸರಿಯಾಗಿತ್ತು. ತನ್ನ ಮನೆಯ ಪೆಟ್ಟಿಗೆಯನ್ನು ಮಾಮಿಯ ಮನೆಗೂ ಮಾಮಿಯದನ್ನು ತನ್ನ ಮನೆಗೂ ಅದಲುಬದಲು ಮಾಡಿದ. ಮಾಮಿಯ ಪೆಟ್ಟಿಗೆ ಇಲ್ಲಿ ಬಾರಿಸಿತು, ಇಲ್ಲಿಯದು ಅಲ್ಲಿ ಮೂಕವಾಯಿತು. ಆದ್ದರಿಂದ ದೋಷ ಕಡ್ಡಿಗಳಲ್ಲಿದೆ ಎಂಬ ನಿರ್ಣಯಕ್ಕೆ ಬಂದ. ನಿರ್ಣಯ ಸರಿಯಾಗಿತ್ತು.

"ಒಂಬತ್ತು ಮನೆ ಕಡ್ಡೀನೂ ಹಸಿರುಗಟ್ಟಿ ಕಿಲುಬು ಹಿಡಿದಿದೆ," ಎಂದ. "ನಮ್ಮನೇದು ಹೊಸದರ ಹಾಗೆ ಹೊಳೀತಿದೆ. ಅಂದ್ರೆ ಏನರ್ಥ? ಮೊದಲು ತಂದ ತಾಮ್ರ ಶುದ್ಧ. ಆಮೇಲೆ ತಂದದ್ದು ಕಲಬೆರಕೆ. ಪ್ಯಾರಿಸ್ ಕಾರ್ನರಿನ ಅಂಗಡಿಯೋನು ಮೋಸ ಮಾಡಿದಾನೆ."

"ಒರೇ ನೀರ್, ಒರೇ ಕಡೈ," ಎಂದಳು ಸೀತಾ. "ಅದೇ ನೀರು, ಅದೇ ಅಂಗಡಿ. ನಮ್ಮನೇದು ಮಾತ್ರ ಹೊಳೆಯೋದು ರಸಾಯನಶಾಸ್ತ್ರದಲ್ಲಿ ಬರಲ್ಲ."

"ನೀನಿನ್ನೂ ಎರಡನೇ ವರ್ಷ. ಮೂರನೇ ವರ್ಷದಲ್ಲಿ ಬರುತ್ತೆ."

ಮೋಸ ಎಂಬ ಮಾತು ಕೇಳಿ ಹರಿಹರರಿಗೆ ಹುರುಪು ಬಂತು. ತಪ್ಪು ಮಗನದಲ್ಲವೆಂದಾದರೆ ಬೀದಿಯಲ್ಲಿ ಮತ್ತೆ ನೇರವಾಗಿ ನಡೆಯಬಹುದಿತ್ತು. ಶನಿವಾರ ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋಗಿ ಜಗಳವಾಡಿದರು. ಅಂಗಡಿಯವನು ಸುರುಳಿಯನ್ನೇ ಎತ್ತಿ ಎದುರಿಗಿಟ್ಟು, ಜೂನ್‌ನಲ್ಲಿ ಕತ್ತರಿಸಿದ್ದೂ ಇದರಿಂದಲೇ, ಆಗಸ್ಟ್‌ನಲ್ಲಿ ಕತ್ತರಿಸಿದ್ದೂ ಇದರಿಂದಲೇ, ಬೇಕಾದರೆ ದೇವರ ಪಟದ ಮೇಲೆ ಕೈಯಿಟ್ಟು ಹೇಳುತ್ತೇನೆ ಎಂದನು. ಪಟ ಬಹಳ ದೊಡ್ಡದಾಗಿತ್ತು. ಹರಿಹರರು ಬರಿಗೈಯಲ್ಲಿ ಬಂದರು.

ಆ ರಾತ್ರಿಯ ಊಟದಲ್ಲಿ ಅವರು ಸ್ವರ ಏರಿಸಲಿಲ್ಲ. "ಕೃಷ್ಣ, ವಿಜಯದಶಮಿಯ ಮಾರನೇ ದಿನ ಹೊಸೂರಿಗೆ ಬಸ್ಸು ಹತ್ತು. ನಿನ್ನ ಮಾವ ಎಷ್ಟೂಂತ ಕಾಯ್ತಾನೆ?"

"ಪ್ರೊಫೆಸರ್ ಬಂದು ನೋಡ್ಲಿ ಅಪ್ಪ. ಆಮೇಲೆ ನೀವು ಹೇಳಿದ ಹಾಗೆ."

ಅನಸೂಯ ಇಬ್ಬರ ಎಲೆಗೂ ಕೇಳದೆಯೇ ತುಪ್ಪ ಬಡಿಸಿದರು.

ಪ್ರೊಫೆಸರ್ ಮಧ್ವರಾಜರು ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಬಂದರು. ಮೊದಲು ಒಂಬತ್ತು ಮನೆಗಳಿಗೂ ಹೋಗಿ ದೂರುಗಳನ್ನು ಕೇಳಿದರು. ಅನಂತರ ಕೆಲಸ ಮಾಡುತ್ತಿರುವ ಒಂದೇ ಯಂತ್ರವನ್ನು ನೋಡಲು ಹರಿಹರರ ಗೇಟಿಗೆ ಬಂದರು. ಗುಂಡಿಯ ಬಳಿ ಅಂಬುಜಮ್ಮ ಪಟ್ಟೆ ಸೀರೆಯುಟ್ಟು ಕುಳಿತಿದ್ದರು. ಒಂದು ಪಕ್ಕದಲ್ಲಿ ತಾಮ್ರದ ಬಿಂದಿಗೆಗಳು ಬೋರಲಾಗಿದ್ದವು. ಇನ್ನೊಂದು ಪಕ್ಕದಲ್ಲಿ ಬಟ್ಟಲಿನ ತುಂಬ ನೆನೆಸಿದ ಹುಣಸೆಹಣ್ಣು. ಅವರ ಬಲಗೈಯಲ್ಲಿ ಹುಣಸೆಯ ಮುದ್ದೆ. ಎಡಗೈಯಲ್ಲಿ ನೀರುಗಂಟೆಯ ಪಟ್ಟಿ, ಕಡ್ಡಿಗಳ ಸಮೇತ.

"ಅಜ್ಜೀ!" ಎಂದ ಕೃಷ್ಣಪ್ರಸಾದ.

"ಅಲ್ಲೇ ನಿಲ್ಲೋ, ಮಡಿಯಲ್ಲಿದೀನಿ."

"ಕಡ್ಡಿಗೆ ಏನು ಮಾಡ್ತಿದೀರಿ? ನಾಳೆ ಪೂಜೆಗೇಂತ ಬೆಳಗ್ತಿದೀರಾ?"

"ಪೂಜೆಗೇನು ಬಂತು? ದಿನಾ ಬೆಳಗ್ತೀನಿ. ನೀವೆಲ್ಲ ಹೊರಟ ಮೇಲೆ ಬಿಂದಿಗೆ ಜೊತೆಗೆ ಇದನ್ನೂ ಬೆಳಗಿ ಇಡ್ತೀನಿ. ನೀರಿಗೆ ಇಳಿಯೋ ತಾಮ್ರಾನ ಯಾರಾದ್ರೂ ಹಾಗೇ ಬಿಡ್ತಾರಾ?"

"ಮುಟ್ಟಬಾರದು ಅಂದಿದ್ದೆನಲ್ಲ!"

"ಅಂದಿದ್ದೆ. ಅದಕ್ಕೇ ಒಂದು ದಿನಾನೂ ಮೈಲಿಗೇಲಿ ಮುಟ್ಟಿಲ್ಲ. ಸ್ನಾನ ಮಾಡಿ, ಪಟ್ಟೆ ಉಟ್ಟೇ ಮುಟ್ಟಿದೀನಿ. ಬೇಕಾದ್ರೆ ಅನಸೂಯನ್ನ ಕೇಳು."

ಎಲ್ಲರೂ ಅನಸೂಯರ ಕಡೆ ತಿರುಗಿದರು.

"ಹೌದು, ದಿನಾ ಬೆಳಗ್ತಾರೆ," ಎಂದರು ಅನಸೂಯ.

"ನಿನಗೆ ಗೊತ್ತಿತ್ತಾ? ಮತ್ತೆ ಹೇಳೋಕೇನಾಗಿತ್ತು?" ಎಂದರು ಹರಿಹರ. "ನಾನು ಪ್ಯಾರಿಸ್ ತನಕ ಹೋಗಿ ಆ ಅಂಗಡಿಯೋನ ಕೈಲಿ ಅನ್ನಿಸ್ಕೊಂಡು ಬಂದೆನಲ್ಲೇ!"

"ಈ ಮನೇಲಿ ಯಾವ ಪಾತ್ರೆ ತೊಳೆದೆ, ಯಾವುದು ಬೆಳಗಿದೆ ಅಂತ ನಿಮಗೆ ದಿನಾ ವರದಿ ಕೊಡ್ಬೇಕಾಗಿತ್ತೇನ್ರೀ? ಒಂದು ದಿನ ಕೇಳಿದ್ದೀರಾ?"

ಪ್ರೊಫೆಸರ್ ಮಧ್ವರಾಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿನ್ನ ಯಂತ್ರದಲ್ಲಿ ಮೂರು ಭಾಗ ಅಂತ ಬರೆದಿದ್ದಿ," ಎಂದರು ಕೃಷ್ಣಪ್ರಸಾದನಿಗೆ. "ಮಗ್, ಕಡ್ಡಿ, ಪೆಟ್ಟಿಗೆ. ನಾಲ್ಕನೇ ಭಾಗ ಇಲ್ಲಿ ಕೂತಿದ್ದಾರೆ. ಇವರನ್ನು ಬಾಕಿ ಒಂಬತ್ತು ಮನೆಗೆ ಕೊಡ್ಲಿಕ್ಕೆ ಆಗ್ತದಾ?"

"ಕೊಡಬಹುದು ಸಾರ್," ಎಂದಳು ಸೀತಾ. ಆ ತಿಂಗಳಿನಲ್ಲಿ ಅವಳು ಮನೆಯಲ್ಲಿ ಕನ್ನಡದಲ್ಲೇ ಶುರುಮಾಡಿದ ಮೊದಲ ಮಾತು ಅದು. "ಪಂಕಜಂ ಮಾಮಿ ಮನೇಲಿ ಈರುಳ್ಳಿ ಇದೆ. ಅಲ್ಲಿಗೆ ಮಾತ್ರ ಬರಲ್ಲ."

ಅಂಬುಜಮ್ಮನವರಿಗೆ ಅಲ್ಲಿ ಏನು ನಡೆಯುತ್ತಿದೆಯೆಂಬುದು ಪೂರ್ತಿಯಾಗಿ ತಿಳಿಯಲಿಲ್ಲ. ತಮ್ಮನ್ನು ಆಕ್ಷೇಪಿಸುತ್ತಿದ್ದಾರೆ ಎಂಬಷ್ಟು ತಿಳಿಯಿತು. "ತಾಮ್ರ ಬೆಳಗೋದು ತಪ್ಪಾ ಈಗ? ಇವಳ ಹಾಗೆ ಎವರ್‌ಸಿಲ್ವರ್ ಇಟ್ಕೊಂಡು ಸುಮ್ನೆ ಕೂತಿರ್ಬೇಕಿತ್ತಾ?"

"ನನ್ನ ಎವರ್‌ಸಿಲ್ವರ್ ಸುದ್ದಿಗೆ ಬರ್ಬೇಡಿ ಅತ್ತೆ," ಎಂದರು ಅನಸೂಯ. ಇದು ಆ ಮನೆಯಲ್ಲಿ ಹಳೆಯ ಜಗಳ. ಅತಿಥಿಗಳೆದುರು ನಡೆದದ್ದು ಮಾತ್ರ ಇದೇ ಮೊದಲು. "ಹುಳಿ ಹಾಕಿದ್ರೂ ಕಿಲುಬು ಹಿಡಿಯಲ್ಲ, ನೀರಲ್ಲಿ ಬಿಟ್ಟರೂ ಕಪ್ಪಾಗಲ್ಲ. ಮದುವೆಯಾಗಿ ಬಂದಾಗಿಂದ ನಿಮ್ಮ ಬಿಂದಿಗೆ ಉಜ್ಜಿ ಉಜ್ಜಿ ನನ್ನ ಉಗುರೇ ಹೋಗಿತ್ತು. ಸುಮ್ನೆ ಕೂತ್ರೆ ತಪ್ಪೇನು?"

ಕೃಷ್ಣಪ್ರಸಾದ ಸೀತಾಳ ಮುಖ ನೋಡಿದ. ಸೀತಾ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಗೂಡಿನಲ್ಲಿ ಅನಸೂಯರ ಉದ್ದ ಹಿಡಿಯ ಎವರ್‌ಸಿಲ್ವರ್ ಚಮಚಗಳಿದ್ದವು. ಪ್ರತಿಯೊಂದರ ಹಿಡಿಯ ಮೇಲೂ ಅವರ ಹೆಸರು ಕೊರೆಸಿತ್ತು.

"ಅದನ್ನ ಮುಟ್ಟಿದ್ರೆ ನೋಡಿ!" ಎಂದರು ಅನಸೂಯ. ಆದರೆ ಆ ಮನೆಯಲ್ಲಿ ಮುಟ್ಟಬಾರದೆಂಬ ಮಾತಿನ ಬೆಲೆ ಅಷ್ಟರಲ್ಲೇ ಗೊತ್ತಾಗಿತ್ತು.

ಪ್ರೊಫೆಸರರು ಕಾಫಿ ಕುಡಿದು ತೀರ್ಪು ಕೊಟ್ಟರು. "ಈ ಮನೆಯನ್ನು ಲೆಕ್ಕದಿಂದ ತೆಗೀರಿ. ಬಾಕಿ ಒಂಬತ್ತು ಮನೆ. ಹೊಸ ಕಡ್ಡಿ. ಯಾರೂ ಬೆಳಗ್ಲಿಕ್ಕಿಲ್ಲ. ದೀಪಾವಳಿಗೆ ನೀರು ತುಂಬುವ ಹಬ್ಬ ಉಂಟಲ್ಲ? ಆ ದಿನ ಒಂಬತ್ತೂ ಬಾರಿಸಿದರೆ ಶೆಡ್ ನಿನ್ನದು. ಒಂದು ತಪ್ಪಿದರೂ ಶೆಡ್ಡಿಗೆ ಬೀಗ."

ಇಲ್ಲಿ ತೊಡಕು ಹೊಸೂರಿನದು. ದೀಪಾವಳಿಯವರೆಗೆ ಆ ಜಾಗ ಉಳಿಯುವಂತಿರಲಿಲ್ಲ. ಹರಿಹರರು ಚಪ್ಪಲಿ ಮೆಟ್ಟಿ, ಮಗನನ್ನೂ ಕರೆದುಕೊಂಡು ಸ್ಟೇಷನ್ ರಸ್ತೆಯ ಟೆಲಿಫೋನ್ ಬೂತಿಗೆ ಹೋದರು. ಬೂತಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೊರಗಿದ್ದ ಕೃಷ್ಣಪ್ರಸಾದನಿಗೆ ಎಲ್ಲವೂ ಕೇಳಿಸಿತು.

"ಇಲ್ಲ ಭಾವ, ಅವನು ಬರೋಕಾಗಲ್ಲ... ಯಂತ್ರವಾ? ಕೆಟ್ಟಿದೆ. ಒಂಬತ್ತು ಮನೇಲೂ ಕೆಟ್ಟಿದೆ... ಅಯ್ಯೋ, ಕೆಟ್ಟಿರೋದಕ್ಕೇ ಭಾವ ಬರೋಕಾಗದೆ ಇರೋದು! ಚೆನ್ನಾಗಿ ನಡೀತಿದ್ದಿದ್ರೆ ಇವತ್ತೇ ಬಸ್ಸು ಹತ್ತಿಸ್ತಿದ್ದೆ. ಬೀದಿಯೋರಿಗೆ ಜವಾಬ್ದಾರಿ ಅಂದಿರೋನು ನಾನು... ಹೂಂ, ಆ ಜಾಗ ಬೇರೆಯೋರಿಗೆ ಕೊಟ್ಟುಬಿಡಿ."

ಹೊರಗೆ ಬಂದವರೇ, ಮಗನ ಮುಖ ನೋಡದೆ, "ಇದನ್ನೂ ಒಪ್ಪಿಗೆ ಅಂತ ತಿಳ್ಕೋಬೇಡ," ಎಂದರು.

ಚಮಚಗಳ ಹಿಡಿಗಳನ್ನು ಶೆಡ್ಡಿನಲ್ಲಿ ಕತ್ತರಿಸಿ, ತಾಮ್ರದ ಬದಲು ಹತ್ತೂ ಮನೆಗಳ ಕಡ್ಡಿಗಳನ್ನಾಗಿ ಮಾಡಲಾಯಿತು. ಅನಸೂಯ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಮೂರನೆಯ ದಿನ ಪಂಕಜಂ ಮಾಮಿ ಹೆಪ್ಪು ಕೇಳಲು ಬಂದು, ತಮ್ಮ ನಲ್ಲಿಯ ಗುಂಡಿಯಲ್ಲಿ ಅನಸೂಯ ಎಂಬ ಹೆಸರಿದೆಯಲ್ಲ, ಅವರೇ ಕಂಪನಿಯ ಮುದಲಾಳಿಯೇ, ಒಡತಿಯೇ ಎಂದು ವಿಚಾರಿಸಿದ ಮೇಲೆ ಮಾತು ಶುರುವಾಯಿತು. ಬೀದಿಯಲ್ಲಿ ಆ ಹೆಸರೇ ನಿಂತಿತು: ಅನಸೂಯ ಮಣಿ, ಅಂದರೆ ಅನಸೂಯ ಗಂಟೆ.

ನೀರು ತುಂಬುವ ಹಬ್ಬದ ದಿನ ಪ್ರೊಫೆಸರ್ ಮಧ್ವರಾಜರು ಊಟ ಮುಗಿಸಿಕೊಂಡೇ ಬಂದು ವರಾಂಡದ ಬೆತ್ತದ ಕುರ್ಚಿಯಲ್ಲಿ ಕುಳಿತರು. ಅಂಬುಜಮ್ಮ ಹಂಡೆಗೆ ಸುಣ್ಣದ ಪಟ್ಟೆ ಬಳಿದು ಕಾದಿದ್ದರು. ಹರಿಹರರು ರಜೆ ಹಾಕಿರಲಿಲ್ಲವಾದರೂ ಕಚೇರಿಗೆ ಹೋಗಿರಲಿಲ್ಲ. ಮೂರು ಗಂಟೆ ಕಳೆದ ಮೇಲೆ ಬೀದಿಯ ಮೇಲ್ತುದಿಯಲ್ಲಿ ಮೊದಲ ಗಂಟೆ ಕೇಳಿಸಿತು. ಅದರ ಹಿಂದೆಯೇ ಅದರ ಪಕ್ಕದ ಮನೆ. ನೀರು ಕೊಳವೆಯಲ್ಲಿ ಇಳಿದು ಬಂದ ಹಾಗೆ ಗಂಟೆಗಳೂ ಒಂದೊಂದಾಗಿ ಇಳಿದು ಬಂದವು. ಹರಿಹರರು ಬೆರಳು ಮಡಿಸುತ್ತಿದ್ದರು. ಎಂಟು ಬೆರಳು ಮಡಿಸಿ, ಒಂಬತ್ತನೆಯದನ್ನು ಹಿಡಿದುಕೊಂಡು ಎದುರುಮನೆಯ ಕಡೆ ನೋಡಿದರು. ಆಮೇಲೆ ಎದುರುಮನೆಯಲ್ಲಿ ಗಂಟೆ ಬಾರಿಸಿತು, ಜೊತೆಗೆ ಪಂಕಜಂ ಮಾಮಿ, "ಎಳುಂದುಟ್ಟೇನ್, ಎಳುಂದುಟ್ಟೇನ್!" ಎದ್ದೆ ಎದ್ದೆ ಎಂದು ಅದಕ್ಕೆ ಉತ್ತರ ಕೊಡುವುದೂ ಕೇಳಿಸಿತು.

ಪ್ರೊಫೆಸರರು ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ಕೃಷ್ಣಪ್ರಸಾದನ ಮುಂದಿಟ್ಟರು. ಹರಿಹರರು ಅದನ್ನು ಎತ್ತಿಕೊಂಡು, ಕಳೆದುಹಾಕಬೇಡವೆಂದು ಹೇಳಿ ಮಗನ ಕೈಗೆ ಕೊಟ್ಟರು.

ಪರೀಕ್ಷೆಯಿಂದ ತಿಳಿದುಬಂದದ್ದು ಇಷ್ಟು: ತಾಮ್ರದ ಕಡ್ಡಿಗಳು ದಿನವೂ ಹುಣಸೆಹಣ್ಣಿನಿಂದ ಬೆಳಗಿದರೆ ಮಾತ್ರ ಗಂಟೆ ಬಾರಿ‌ಸುತ್ತವೆ. ಎವರ್‌ಸಿಲ್ವರ್ ಕಡ್ಡಿಗಳು ಬೆಳಗದಿದ್ದರೂ ಬಾರಿಸುತ್ತವೆ. ಈ ಎರಡನೆಯ ಮಾತು ಒಂಬತ್ತು ಮನೆಗಳಿಗೆ ಮಾತ್ರ ಅನ್ವಯಿಸುತ್ತದೆ, ಏಕೆಂದರೆ ಹತ್ತನೆಯ ಮನೆಯಲ್ಲಿ ಎವರ್‌ಸಿಲ್ವರನ್ನೂ ಬೆಳಗಲಾಗುತ್ತಿದೆ.